ಎಂಟು ಸೆಂಟು ಮಳೆ: ಸೋಮವಾರಪೇಟೆಯ ಕಣಕ್ಕೆ ಬಂದ ಶಿಕಾಗೋದ ಹಿಮ

ಭಾನುವಾರ ಮಧ್ಯಾಹ್ನ ನಾನು ಹೋದಾಗ ದೊಡ್ಡಪ್ಪ ಕಣದ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪಾರ್ಚ್‌ಮೆಂಟ್, ಅಂದರೆ ತಿರುಳು ತೆಗೆದು ತೊಳೆದ ಕಾಫಿ ಬೀಜದ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದ್ದರು. “ಕೈ ಹಾಕಿ ನೋಡು ಮಗ” ಅಂದರು. ಹಾಕಿದೆ. ಮೇಲ್ಪದರ ತಣ್ಣಗಿತ್ತು, ಒಳಗೆ ದನದ ಮೈಯಷ್ಟು ಬಿಸಿ. ಕೈ ತೆಗೆದು ಮೂಸಿದರೆ ಹುಳಿ ಹೆಚ್ಚಾದ ದೋಸೆ ಹಿಟ್ಟಿನ ವಾಸನೆ. ಶುಕ್ರವಾರ, ಶನಿವಾರ ಎರಡೂ ದಿನ ಸೋಮವಾರಪೇಟೆ ಸುತ್ತ ಬೇಕಾದಷ್ಟು ಬಿಸಿಲಿತ್ತು. ಆ ಎರಡೂ ದಿನ ಅವರ ಕಾಫಿ ಟಾರ್ಪಾಲಿನಡಿ ಉಸಿರು ಕಟ್ಟಿಕೊಂಡು ಬಿದ್ದಿತ್ತು. ಕಾರಣ ಇಷ್ಟೇ: ಅಮೆರಿಕದ ಶಿಕಾಗೋದಲ್ಲಿ ಹಿಮ ಬೀಳುವುದಿತ್ತು.

ಇದು ಈಚಿನ ಒಂದು ಜನವರಿಯಲ್ಲಿ ನಮ್ಮ ಮನೆಯವರ ನಡುವೆಯೇ ನಡೆದದ್ದು. ಬಾರದ ಮಳೆಗೆ ಹೆದರಿ ಒಂದು ರಾಶಿ ಕೆಟ್ಟಿತು. ಅದಾಗಿ ಮೂರೇ ದಿನಕ್ಕೆ ನಿಜವಾದ ಮಳೆ ಬಂತು, ಆಗ ಕಣದಲ್ಲಿ ಯಾರೂ ಇರಲಿಲ್ಲ. ಆ ಎರಡನೆಯದರಲ್ಲಿ ನನ್ನ ಪಾಲೂ ಇದೆ. ಎರಡನ್ನೂ ಒಟ್ಟಿಗೇ ಬರೆದಿಡುತ್ತಿದ್ದೇನೆ, ಯಾಕೆಂದರೆ ಲೆಕ್ಕ ಹಾಕಿ ನೋಡಿದಾಗ ಶಿಕಾಗೋದ ರಸ್ತೆಗೂ ದೊಡ್ಡಪ್ಪನ ಕಣಕ್ಕೂ ಬಿದ್ದ ನೀರು ಹೆಚ್ಚುಕಡಿಮೆ ಒಂದೇ ಅಳತೆಯದಾಗಿತ್ತು.

ಸಂದೇಶ ಬಂದ ದಾರಿ

ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕು, ಶಿಕಾಗೋದ ಹೊರವಲಯದಲ್ಲಿದ್ದಾನೆ. ಶನಿವಾರ ಸಂಜೆ ಅವನ ಅತ್ತೆ ಮಾವ ಬೆಂಗಳೂರಿನಿಂದ ಓಹೇರ್ ವಿಮಾನ ನಿಲ್ದಾಣಕ್ಕೆ ಬಂದಿಳಿಯುವವರಿದ್ದರು. ಗುರುವಾರ ರಾತ್ರಿ ಅವನು ತನ್ನ ಫೋನಿನ ಹವಾಮಾನದ ಪುಟದ ಚಿತ್ರ ತೆಗೆದು, ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಕತ್ತರಿಸುವಾಗ ಊರಿನ ಹೆಸರೂ ಹೋಯಿತು. ಜೊತೆಗೆ ನಾಲ್ಕು ನಿಮಿಷದ ಮಾತು ಕಳಿಸಿದ್ದ. ಅದನ್ನು ಕೇಳಿದವರು ದೊಡ್ಡಮ್ಮ ಒಬ್ಬರೇ. ದೊಡ್ಡಪ್ಪ ಅಂಥವನ್ನು ಒತ್ತುವುದೇ ಇಲ್ಲ, “ಓದೋದಾದ್ರೆ ಓದ್ತೀನಿ, ಕೇಳೋಕೆ ನನಗೆ ಪುರುಸೊತ್ತಿಲ್ಲ” ಅನ್ನುವ ಪೈಕಿ.

ಗುಂಪಿನಲ್ಲಿದ್ದ ಯಾರೋ ಹುಡುಗ ಆ ಚಿತ್ರವನ್ನು ಎರಡು ಸಾಲು ಕನ್ನಡ ಮಾಡಿದ: “ಮುಂದಿನ ಮೂರು ದಿನ ಮಂಜು, 1–2 ಇಂಚು. ಉಷ್ಣಾಂಶ ಮೈನಸ್ 4. ಉತ್ತರ ಧ್ರುವದ ಶೀತಗಾಳಿ.” ಆ ಎರಡು ಸಾಲು ಬೆಳೆಗಾರರ ಬೇರೊಂದು ಗುಂಪಿಗೆ ಹಾರಿತು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಯಾವುದೋ ಮೂರನೆಯವರ ಕಡೆಯಿಂದ ದೊಡ್ಡಪ್ಪನ ಫೋನಿಗೆ ಬಂದಾಗ ಕೊನೆಯಲ್ಲಿ “ಕಾಫಿ ಬೆಳೆಗಾರರೇ ಎಚ್ಚರಿಕೆ” ಅಂತಲೂ ಸೇರಿಕೊಂಡಿತ್ತು. ಮಗ ಕಳಿಸಿದ್ದೇ ಊರು ಸುತ್ತಿ ಅಪ್ಪನ ಕೈಗೆ ಬಂದಿತ್ತು, ಗುರುತು ಹಿಡಿಯುವಂತಿರಲಿಲ್ಲ.

ಈಗ ಓದಿದರೆ ನಗು ಬರುತ್ತದೆ. ಆದರೆ ಅಲ್ಲಿದ್ದ ಒಂದೊಂದು ಪದವನ್ನೂ ಕೊಡಗಿನ ಬೆಳೆಗಾರನ ಕಿವಿಯಲ್ಲಿ ಕೇಳಬೇಕು.

ಮೊದಲು ಇಂಚು. ಸರ್ಕಾರ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾಯಿತು, ತೋಟದವರು ಬದಲಾಗಿಲ್ಲ. ನಮ್ಮಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲೇ ಹೇಳುವುದು, ನೂರು ಸೆಂಟಿಗೆ ಒಂದಿಂಚು. “ನಿಮ್ಮಲ್ಲಿ ಎಷ್ಟು?” ಅಂದರೆ “ನಲವತ್ತು ಸೆಂಟು” ಅನ್ನುತ್ತಾರೆ. ದೊಡ್ಡಪ್ಪನ ಮನೆಯ ಮಳೆ ಪುಸ್ತಕ ಅವರ ಅಪ್ಪನ ಕಾಲದಿಂದ ಇದೇ ಅಳತೆಯಲ್ಲಿದೆ. ಅಂಥವರಿಗೆ ಜನವರಿಯಲ್ಲಿ “1–2 ಇಂಚು” ಅಂದರೆ ಕಾಫಿ ಹೂ ಅರಳಿಸುವ ಹೂಮಳೆಯ ಅಳತೆ. ಮಾರ್ಚಿನಲ್ಲಿ ಬಂದಿದ್ದರೆ ಸಿಹಿ ಹಂಚುವಂಥ ಮಳೆ, ಕಣದಲ್ಲಿ ಕಾಫಿ ಹರಡಿರುವಾಗ ಬಂದರೆ ಸರ್ವನಾಶ.

ಎರಡನೆಯದು ಮಂಜು. ಕನ್ನಡಕ್ಕೆ ಇದೊಂದು ದೊಡ್ಡ ಸಂಕಟ. ಮಡಿಕೇರಿ ರಾಜಾಸೀಟಿನ ಮುಂದೆ ಕಣಿವೆ ಮುಚ್ಚುವುದೂ ಮಂಜೇ, ಹಿಮಾಲಯದ ಮೇಲೆ ಕೂತಿರುವುದೂ ಮಂಜೇ. ಹುಡುಗ ‘ಹಿಮ’ ಅಂತ ಬರೆದಿದ್ದರೆ ದೊಡ್ಡಪ್ಪ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರೇನೋ. ‘ಮಂಜು’ ಅಂದದ್ದರಿಂದ ನಮ್ಮೂರಿನದೇ ಆಯಿತು.

ಮೂರನೆಯದು ಮೈನಸ್ 4. ಅದು ಫ್ಯಾರನ್‌ಹೀಟ್. ಸೆಲ್ಸಿಯಸ್ಸಿಗೆ ಇಳಿಸಿದರೆ ಮೈನಸ್ 20. ಮೈನಸ್ 20 ಅಂತ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಮೈನಸ್ 4 ನಂಬುವ ಹಾಗಿತ್ತು. ಸುಳ್ಳು ತೀರಾ ದೊಡ್ಡದಿದ್ದರೆ ಅಪಾಯವಿಲ್ಲ, ಹತ್ತಿರದ್ದಾದರೇ ಕಷ್ಟ. “ಊಟಿಯಲ್ಲಿ ಹಿಮಗಟ್ಟುತ್ತೆ, ಮುನ್ನಾರಲ್ಲಿ ಮೈನಸ್ ಆಗುತ್ತೆ, ಇಲ್ಲಿ ಯಾಕಾಗಬಾರದು?” ಅಂತ ದೊಡ್ಡಪ್ಪ ಆಮೇಲೆ ಕೇಳಿದ ಪ್ರಶ್ನೆ ದಡ್ಡರ ಪ್ರಶ್ನೆಯೇನಲ್ಲ.

ಕಣದಲ್ಲಿ ಆಗ ಮೂರು ಹಂತದ ಅರೇಬಿಕಾ ಇತ್ತು: ಐದು ದಿನ ಒಣಗಿದ್ದು, ಎರಡು ದಿನದ್ದು, ಅವತ್ತೇ ಹಣ್ಣಿನ ತಿರುಳು ಸುಲಿಯುವ ಪಲ್ಪರಿನಿಂದ ತೊಳೆದು ಬಂದದ್ದು. ತೊಳೆದು ಬಂದ ಪಾರ್ಚ್‌ಮೆಂಟಿನ ತೂಕದಲ್ಲಿ ಅರ್ಧದಷ್ಟು ನೀರೇ. ಅದನ್ನು ಸುಮಾರು ಶೇ 10ಕ್ಕೆ ಇಳಿಸುವುದೇ ಒಣಗಿಸುವ ಕೆಲಸ. ಸಂಜೆ ರಾಶಿ ಮಾಡಿ ಮುಚ್ಚಿ ಬೆಳಿಗ್ಗೆ ಹರಡುವುದು ದಿನದ ರೂಢಿ, ಒಂದು ರಾತ್ರಿಗೆ ಏನೂ ಆಗದು. ಎರಡು ಹಗಲು, ಎರಡು ರಾತ್ರಿ ಮುಚ್ಚಿದರೆ? ಐದು ದಿನದ್ದು ಬಚಾವಾಯಿತು. ಎರಡು ದಿನದ್ದು ಮಂಕಾಯಿತು. ಹಸಿಯದ್ದೇ ನಾನು ಕೈ ಹಾಕಿದ ರಾಶಿ.

ಶಿಕಾಗೋದಲ್ಲಿ ಆಗುತ್ತಿದ್ದದ್ದು

ಭಾನುವಾರ ರಾತ್ರಿ ಅಣ್ಣನಿಗೆ ಫೋನ್ ಮಾಡಿ ವಿಷಯ ಹೇಳಿದಾಗ ಅವನು ಮೊದಲು ನಕ್ಕ, ಆಮೇಲೆ ಸುಮ್ಮನಾದ. ಅಲ್ಲಿನ ಕಥೆ ಕೇಳುತ್ತಾ ನನಗೆ ಇಲ್ಲಿನದೂ ಬಿಡಿಸಿಕೊಂಡಿತು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಚಳಿಗಾಲದಲ್ಲಿ ಉತ್ತರ ಧ್ರುವದ ಕಡೆಯ ತಣ್ಣನೆಯ ಗಾಳಿ ಕೆನಡಾ ದಾಟಿ ಅಮೆರಿಕದ ನಡುನಾಡಿಗೆ ಇಳಿಯುತ್ತದೆ. ಅಡ್ಡ ನಿಲ್ಲಲು ಪೂರ್ವ-ಪಶ್ಚಿಮವಾಗಿ ಮಲಗಿದ ಬೆಟ್ಟಸಾಲು ಅಲ್ಲಿಲ್ಲ. ಆ ಗಾಳಿಯ ಮುಂಚೂಣಿ ಹಾದುಹೋಗುವಾಗ ಹಗುರವಾಗಿ ಹಿಮ ಉದುರುತ್ತದೆ, ಹಿಂದೆಯೇ ಆಕಾಶ ತೆರೆದು ಚಳಿ ದಬದಬನೆ ಬೀಳುತ್ತದೆ. ಕಡುಚಳಿ ಮತ್ತು ಭಾರೀ ಹಿಮ ಒಟ್ಟಿಗೆ ಬರುವುದು ಅಪರೂಪ. ತಣ್ಣನೆಯ ಗಾಳಿಗೆ ನೀರಾವಿ ಹೊರುವ ತಾಕತ್ತಿಲ್ಲ: 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿ ಹಿಡಿಯುತ್ತದೆ, ಮೈನಸ್ 20ರ ಗಾಳಿ ಒಂದೇ ಗ್ರಾಂ.

ಈ ಎರಡರಲ್ಲಿ ಚಳಿಯನ್ನು ಮುಂಚಿತವಾಗಿ ಹೇಳುವುದು ಸುಲಭ. ಅದು ಸಾವಿರಾರು ಕಿಲೋಮೀಟರ್ ಅಗಲದ ಗಾಳಿಯ ಗುಡ್ಡ, ಎಲ್ಲಿ ಬಚ್ಚಿಟ್ಟುಕೊಳ್ಳುತ್ತದೆ? 2019ರ ಜನವರಿ 30ರಂದು ಶಿಕಾಗೋದಲ್ಲಿ ಪಾದರಸ ಮೈನಸ್ 23 ಫ್ಯಾರನ್‌ಹೀಟಿಗೆ, ಅಂದರೆ ಸುಮಾರು ಮೈನಸ್ 31 ಸೆಲ್ಸಿಯಸ್ಸಿಗೆ ಇಳಿಯಿತು. ಆ ತಿಂಗಳ ಮೊದಲ ದಿನಗಳಲ್ಲೇ ಧ್ರುವದ ಮೇಲೆ, ಬಹಳ ಎತ್ತರದಲ್ಲಿ, ವಾತಾವರಣ ಹಠಾತ್ತನೆ ಬಿಸಿಯಾಗಿ ಅಲ್ಲಿ ಚಳಿಗಾಲವಿಡೀ ಸುತ್ತುವ ಗಾಳಿಯ ಸುಳಿ ಒಡೆದಿತ್ತು. ಹಾಗೆ ಒಡೆದ ನಂತರದ ವಾರಗಳಲ್ಲಿ ಚಳಿ ಕೆಳಕ್ಕೆ ಜಾರುವ ಸಂಭವ ಹೆಚ್ಚು ಎಂಬುದು ಹವಾಮಾನದವರಿಗೆ ಗೊತ್ತಿರುವ ವಿಷಯ.

ಹಗುರ ಹಿಮದ್ದು ಬೇರೆಯೇ ಪಾಡು. ಸಾಮಾನ್ಯ ಲೆಕ್ಕದಲ್ಲಿ ಒಂದಿಂಚು ನೀರಿಗೆ ಹತ್ತಿಂಚು ಹಿಮ. ಮೋಡದೊಳಗೆ ಮೈನಸ್ 12ರಿಂದ ಮೈನಸ್ 18ರ ಚಳಿಯಿದ್ದರೆ ಹರಳುಗಳು ಜರಿಗಿಡದ ಎಲೆಯಂತೆ ಕೈಕಾಲು ಚಾಚಿ ಬೆಳೆದು, ನಡುವೆ ಗಾಳಿಯೇ ಜಾಸ್ತಿಯಾಗಿ, ಒಂದಿಂಚು ನೀರಿಗೆ ಹದಿನೈದು, ಇಪ್ಪತ್ತು ಇಂಚು ಹಿಮ ಕೂರುತ್ತದೆ. ಅಕ್ಕಿಗೂ ಪುರಿಗೂ ಇರುವ ವ್ಯತ್ಯಾಸ, ತೂಕ ಅಷ್ಟೇ, ರಾಶಿ ಮಾತ್ರ ದೊಡ್ಡದು. ಹಾಗಾಗಿ ಅಣ್ಣನ ಫೋನಿನಲ್ಲಿದ್ದ “1–2 ಇಂಚು” ಹಿಮವನ್ನು ಇಪ್ಪತ್ತರ ಲೆಕ್ಕದಲ್ಲಿ ಕರಗಿಸಿದರೆ ಸಿಗುವುದು ನಮ್ಮ ಭಾಷೆಯಲ್ಲಿ ಐದರಿಂದ ಹತ್ತು ಸೆಂಟು ನೀರು.

ಐದಾರು ಸೆಂಟು ಹೆಚ್ಚುಕಡಿಮೆಯಾದರೆ ಯಾವ ಮುನ್ಸೂಚಕನಿಗೂ ಅದು ತಪ್ಪು ಅನಿಸದು. ಆದರೆ ಇಪ್ಪತ್ತರಿಂದ ಗುಣಿಸಿದಾಗ ಒಂದಿಂಚು ಹಿಮ ಎಲ್ಲಿಂದಲೋ ಬರುತ್ತದೆ ಅಥವಾ ಮಾಯವಾಗುತ್ತದೆ. ಅಣ್ಣನಿಗೆ ಆದದ್ದೂ ಅದೇ. ಗುರುವಾರ 1–2 ಇಂಚು, ಶುಕ್ರವಾರ ಸಂಜೆ “ಒಂದಕ್ಕಿಂತ ಕಡಿಮೆ”. ಶನಿವಾರ ಬಿದ್ದದ್ದು ಅವನ ಮನೆ ಮುಂದೆ ಒಂದೂವರೆ. ಅಷ್ಟಕ್ಕೇ ನಿಲ್ದಾಣದ ದಾರಿ ಎರಡು ಪಟ್ಟು ಹೊತ್ತು ಹಿಡಿಯಿತಂತೆ. ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆದರೆ ಮೈನಸ್ 9 ಸೆಲ್ಸಿಯಸ್ಸಿನ ಕೆಳಗೆ ಉಪ್ಪಿನ ಕೆಲಸ ಕುಂಟತೊಡಗುತ್ತದೆ. ಚಕ್ರದಡಿ ಒತ್ತಿದ ಹಿಮ ಗಾಜಾಗಿತ್ತು. ಅತ್ತೆ ಮಾವ ಮಾತ್ರ ಕಾರಿನ ಕಿಟಕಿಯಿಂದ ಹಿಮದ ಫೋಟೋ ಹೊಡೆದು ಊರಿಗೆಲ್ಲ ಕಳಿಸುತ್ತಾ ಕೂತಿದ್ದರು.

ಇಲ್ಲಿ ಯಾಕಾಗಬಾರದು

ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ನಮ್ಮ ಮೇಲೆ ಗಾಳಿ ಶೂನ್ಯ ಡಿಗ್ರಿ ಮುಟ್ಟುವುದು ಸುಮಾರು ನಾಲ್ಕೂವರೆಯಿಂದ ಐದು ಸಾವಿರ ಮೀಟರ್ ಎತ್ತರದಲ್ಲಿ. ಕೊಡಗಿನ ತುದಿ ತಡಿಯಂಡಮೋಳು, 1,748 ಮೀಟರ್. ಪುಷ್ಪಗಿರಿ 1,712. ಮೋಡದಿಂದ ಹರಳಾಗಿ ಹೊರಟದ್ದು ಪುಷ್ಪಗಿರಿಗೆ ತಲುಪುವ ಮುಂಚೆ ಮೂರು ಕಿಲೋಮೀಟರಿನಷ್ಟು ಬೆಚ್ಚನೆಯ ಗಾಳಿಯಲ್ಲಿ ಇಳಿದು ನೀರಾಗುತ್ತದೆ. ಏಪ್ರಿಲಿನಲ್ಲಿ ತೋಟ ಬೆಳ್ಳಗಾಗಿ “ಕೊಡಗಲ್ಲ, ಕಾಶ್ಮೀರ” ಅಂತ ಫೋಟೋ ಓಡಾಡುತ್ತವಲ್ಲ, ಅದು ಆಲಿಕಲ್ಲು. ಬೇಸಿಗೆಯ ಗುಡುಗುಮೋಡದ ಕೂಸು, ಚಳಿಗೂ ಅದಕ್ಕೂ ಸಂಬಂಧವಿಲ್ಲ.

ಧ್ರುವದ ಗಾಳಿಗೆ ಹಿಮಾಲಯವೇ ಗೋಡೆ. ಉತ್ತರ ಭಾರತದ ಚಳಿ ದಖ್ಖನಿಗೆ ಹರಿದಾಗ ಬೀದರ್, ಕಲಬುರಗಿ, ವಿಜಯಪುರ ನಡುಗುತ್ತವೆ, ಕೊಡಗಿಗೆ ಬರುವಾಗ ಅದರ ಹಲ್ಲು ಉದುರಿರುತ್ತದೆ. ಹುತ್ತರಿ ಕಳೆದ ಮೇಲೆ ನಮಗೆ ಗಟ್ಟಿಯಾಗುವ ಚಳಿ ಎಲ್ಲಿಂದಲೂ ಬಂದದ್ದಲ್ಲ, ಇಲ್ಲೇ ಹುಟ್ಟಿದ್ದು. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ, ತಣ್ಣಗಾದ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಜಾರಿ ಗದ್ದೆಬಯಲಿನಲ್ಲಿ ನಿಲ್ಲುತ್ತದೆ. ದೊಡ್ಡಪ್ಪನ ಮನೆ ದಿಬ್ಬದ ಮೇಲಿದೆ, ಕೆಳಗಿನ ಗದ್ದೆಯ ಬದುವಿನಲ್ಲಿ ಅದಕ್ಕಿಂತ ಮೂರು ಡಿಗ್ರಿ ಕಡಿಮೆ ಇರುವುದನ್ನು ನಾನೇ ಥರ್ಮಾಮೀಟರ್ ಹಿಡಿದು ನೋಡಿದ್ದೇನೆ. ಊಟಿಯೂ ಮುನ್ನಾರಿನ ಮೇಲಿನ ಕಣಿವೆಗಳೂ ಹಿಮಗಟ್ಟುವುದು ಇದೇ ರೀತಿ, ಆದರೆ ಊಟಿ 2,240 ಮೀಟರ್ ಎತ್ತರದಲ್ಲಿದೆ, ಸೋಮವಾರಪೇಟೆ ಅದರ ಅರ್ಧದ ಆಸುಪಾಸು. ಅಲ್ಲಿ ಗಟ್ಟುವುದೂ ಮೇಲಿನಿಂದ ಬಿದ್ದ ಹಿಮವಲ್ಲ, ಹುಲ್ಲಿನ ಮೇಲೇ ಹೆಪ್ಪುಗಟ್ಟಿದ ಆವಿ.

“ಸರಿ ಹಾಗಾದ್ರೆ” ಅಂದರು ದೊಡ್ಡಪ್ಪ, “ಇನ್ನು ಯಾವ ಹವಾಮಾನವೂ ಬೇಡ. ಆಕಾಶ ನೋಡ್ಕೊಂಡು ಕೆಲಸ ಮಾಡ್ತೀನಿ.”

ಬುಧವಾರ

ಎರಡನೆಯ ನಷ್ಟ ಶುರುವಾದದ್ದು ಆ ಮಾತಿನಿಂದ ಅಂತ ನನ್ನ ಅಭಿಪ್ರಾಯ. ಆದರೂ ಮಂಗಳವಾರ ಸಂಜೆ ಅವರು ಫೋನ್ ಮಾಡಿ ಕೇಳಿದರು: “ನಾಳೆ ಹೇಗೆ ಮಗ? ಕೆಳಗಿನ ಬ್ಲಾಕ್ ಹಣ್ಣು ಉದುರ್ತಾ ಇದೆ, ಎಲ್ಲಾ ಆಳುಗಳನ್ನೂ ಅಲ್ಲಿಗೆ ಹಾಕೋಣ ಅಂತ.”

ಶ್ರೀಲಂಕಾದ ಕಡೆ ವಾಯುಭಾರ ಇಳಿದಿದೆ, ಪೂರ್ವದ ಗಾಳಿ ತೇವ ಹೊತ್ತು ಒಳನಾಡಿಗೆ ನುಗ್ಗುತ್ತಿದೆ ಎಂಬುದನ್ನು ನಾನು ನೋಡಿದ್ದೆ. ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ದಕ್ಷಿಣ ಒಳನಾಡಿನ “ಒಂದೆರಡು ಕಡೆ ಹಗುರ ಮಳೆ” ಅಂತಿತ್ತು. ಇಲಾಖೆಯ ಭಾಷೆಯಲ್ಲಿ ಆ ‘ಒಂದೆರಡು ಕಡೆ’ಗೂ ಲೆಕ್ಕವಿದೆ, ಮಳೆ ಅಳೆಯುವ ಜಾಗಗಳಲ್ಲಿ ಕಾಲುಭಾಗಕ್ಕೆ ಮೀರದಷ್ಟು ಅಂತ. ನಾನು ನೋಡುವ ಯುರೋಪಿನ ಕಂಪ್ಯೂಟರ್ ಹವಾಮಾನ ಮಾದರಿ ಒಂದೇ ಲೆಕ್ಕವನ್ನು ಚೂರುಚೂರು ಬದಲಿಸಿ ಐವತ್ತು ಸಲ ಹಾಕುತ್ತದೆ. ಅದರಲ್ಲಿ ಹದಿನೈದು ಸಲ ಅದರ ನಕ್ಷೆಯಲ್ಲಿ ನಮ್ಮೂರಿರುವ ಚೌಕಕ್ಕೆ ಹನಿ ತೋರಿಸಿತ್ತು, ಮೂವತ್ತೈದು ಸಲ ಒಣ.

ನಾನು ಹೇಳಿದ್ದು: “ಇಲ್ಲ ದೊಡ್ಡಪ್ಪ, ಮಳೆ ಬರಲ್ಲ.”

ಯಾಕೆ ಹಾಗೆ ಹೇಳಿದೆ? ಮೂರು ದಿನದ ಹಿಂದಿನ ಪೇಚಾಟದ ಮೇಲೆ ಮತ್ತೆ “ಬಂದರೂ ಬರಬಹುದು” ಅನ್ನಲು ನಾಲಿಗೆ ಏಳಲಿಲ್ಲ. ಹತ್ತರಲ್ಲಿ ಮೂರು ಪಾಲನ್ನು ನಾನು ನನ್ನ ಮರ್ಯಾದೆಗಾಗಿ ಸೊನ್ನೆ ಮಾಡಿದೆ. ಆ ಚೌಕವೂ ಸುಮಾರು ಒಂಬತ್ತು ಕಿಲೋಮೀಟರ್ ಅಗಲದ್ದು. ಅಷ್ಟರೊಳಗೆ ನಮ್ಮಲ್ಲಿ ಒಂದು ಬೆಟ್ಟ, ಎರಡು ಹೊಳೆ, ಮೂರು ಬಗೆಯ ಮಳೆ ಇರುತ್ತದೆ. ಮಡಿಕೇರಿಯಿಂದ ಕುಶಾಲನಗರಕ್ಕೆ ಮೂವತ್ತು ಕಿಲೋಮೀಟರ್ ಇಳಿಯುವಷ್ಟರಲ್ಲಿ ವರ್ಷದ ಮಳೆ ಮೂರನೇ ಒಂದು ಪಾಲಿಗೆ ಬರುವ ಜಿಲ್ಲೆಯಿದು.

ಆಕಾಶ ನೋಡುತ್ತೇನೆ ಅಂದವರಿಗೂ ಆಕಾಶ ಸುಳಿವು ಕೊಟ್ಟಿತ್ತು. ನನ್ನ ಪುಸ್ತಕದಲ್ಲಿ ಆ ವಾರದ ಬೆಳಗಿನ ಉಷ್ಣಾಂಶ ಹೀಗಿದೆ: ಭಾನುವಾರ 11, ಸೋಮವಾರ 11.5, ಮಂಗಳವಾರ 13, ಬುಧವಾರ 16. ಬುಧವಾರ ಬೆಳಿಗ್ಗೆ ಹುಲ್ಲಿನ ಮೇಲೆ ಕಾಲಿಟ್ಟರೆ ಇಬ್ಬನಿಯಿರಲಿಲ್ಲ. ಸ್ವೆಟರ್ ಬೇಡವಾಗಿತ್ತು. ರಾತ್ರಿ ತೆಳುಮೋಡ ಕವಿದು ನೆಲದ ಕಾವನ್ನು ಹಿಡಿದಿಟ್ಟಿತ್ತು ಅಂತ ಅದರರ್ಥ. ಜನವರಿಯಲ್ಲಿ ಚಳಿ ಹಠಾತ್ತನೆ ಸಡಿಲವಾಯಿತೆಂದರೆ ಖುಷಿಪಡುವಂತಿಲ್ಲ, ಮೇಲೆ ತೇವ ಬಂದಿದೆ. ಕಡುಚಳಿಯ ಬೆಳಗೇ ಕಣಕ್ಕೆ ಒಳ್ಳೆಯದು. ಚಳಿ ಬರುತ್ತದೆಂದು ಕಾಫಿ ಮುಚ್ಚಿದ ಮನೆಯಲ್ಲಿ ಚಳಿ ಹೋದ ದಿನ ಕಾಫಿ ತೆರೆದಿತ್ತು!

ಮಧ್ಯಾಹ್ನ ಮೂರೂಕಾಲಕ್ಕೆ ಶುರುವಾಗಿ ಇಪ್ಪತ್ತು ನಿಮಿಷ ಬಿತ್ತು. ಗುಡುಗಿಲ್ಲ, ಗಾಳಿಯಿಲ್ಲ. ಸದ್ದಿಲ್ಲದೆ ಜರಡಿ ಹಿಡಿದ ಹಾಗೆ. ಕಣದಲ್ಲಿ ದೊಡ್ಡಮ್ಮ ಒಬ್ಬರೇ. ಅವರೂ ಅಡುಗೆಮನೆಯಲ್ಲಿದ್ದ ಹುಡುಗಿಯೂ ಎರಡು ಟಾರ್ಪಾಲು ಎಳೆಯುವಷ್ಟರಲ್ಲಿ ಮುಗಿದಿತ್ತು. ತೋಟದ ಕೆಲಸ ನೋಡಿಕೊಳ್ಳುವ ರೈಟರು ಆಳುಗಳನ್ನು ಕರೆದುಕೊಂಡು ಕೆಳಗಿನ ಬ್ಲಾಕಿನಿಂದ ಓಡಿ ಬಂದಾಗ ಕಣದ ಸಿಮೆಂಟು ಹೊಳೆಯುತ್ತಿತ್ತು, ಬಿಸಿಲೂ ಬಂದಿತ್ತು. ಒಣಗಿ ಮುಗಿಯಲು ಒಂದೇ ದಿನವಿದ್ದ ಪಾರ್ಚ್‌ಮೆಂಟ್, ಹಲ್ಲಿಗೆ ಕಚ್ಚಿ ನೋಡಿ ದೊಡ್ಡಪ್ಪ ‘ಆಯ್ತು’ ಅಂದಿದ್ದ ಭಾಗ, ಮತ್ತೆ ನೆನೆಯಿತು. ಹಾಗೆ ಒಣಗಿ ನೆನೆದದ್ದರ ಸಿಪ್ಪೆ ಬಿರಿಯುತ್ತದೆ, ಬೀಜದ ನೀಲಿ-ಹಸಿರು ಬಣ್ಣ ಕೆಟ್ಟು ಬಿಳಚಿಕೊಳ್ಳುತ್ತದೆ.

ಮರುದಿನ ಬೆಳಿಗ್ಗೆ ಅವರ ಮಳೆಮಾಪಕದಲ್ಲಿ ಎಂಟು ಸೆಂಟು. ಮಿಲಿಮೀಟರಿನಲ್ಲಿ ಎರಡು.

ಇಲಾಖೆಯ ಲೆಕ್ಕದಲ್ಲಿ ‘ಮಳೆ ದಿನ’ ಅನ್ನಿಸಿಕೊಳ್ಳಲು ಕನಿಷ್ಠ ಎರಡೂವರೆ ಮಿಲಿಮೀಟರ್ ಬೇಕು. ಅಂದರೆ ಆ ಬುಧವಾರವನ್ನು ಅಳೆದು ನೋಡಿದರೆ ಅದೊಂದು ಮಳೆಯ ದಿನವೇ ಅಲ್ಲ. ನನ್ನ ಮುನ್ಸೂಚನೆಯನ್ನು ಯಾರಾದರೂ ಆ ಅಳತೆಯಲ್ಲಿ ಪರೀಕ್ಷಿಸಿದ್ದರೆ ನನಗೆ ನೂರಕ್ಕೆ ನೂರು ಸಿಗುತ್ತಿತ್ತು. ದೊಡ್ಡಪ್ಪನಿಗೆ ಇದನ್ನು ಹೇಳಿದೆ, ಹೇಳಬಾರದಿತ್ತು.

ಲೆಕ್ಕಾಚಾರ

ಕಾಫಿಯ ಹೊಟ್ಟು ತೆಗೆದು ದರ್ಜೆ ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿಗೆ ಹೋದಾಗ ಹುಳಿ ವಾಸನೆಯ ರಾಶಿಯನ್ನು ಬೇರೆ ಮಾಡಿದರು, ನೆನೆದದ್ದಕ್ಕೆ ದರ ಕಡಿದರು. ಎರಡರಲ್ಲಿ ಯಾವುದು ದೊಡ್ಡ ನಷ್ಟ ಅಂತ ಕೇಳಿದರೆ, ಮೊದಲನೆಯದೇ. ಮಳೆಗಿಂತ ಮಳೆಯ ಹೆದರಿಕೆ ಹೆಚ್ಚು ಕಿತ್ತುಕೊಂಡಿತು.

ಆಮೇಲೆ ದೊಡ್ಡಪ್ಪನೂ ನಾನೂ ರೈಟರೂ ಜಗಲಿಯಲ್ಲಿ ಕೂತು ಮಾತಾಡಿದೆವು. ರೈಟರು ಹೇಳಿದ ಒಂದು ಮಾತು ನನಗೆ ಹವಾಮಾನದ ಪುಸ್ತಕಗಳಲ್ಲಿ ಇಷ್ಟು ನೆಟ್ಟಗೆ ಸಿಕ್ಕಿರಲಿಲ್ಲ: “ಮಳೆ ಬರುತ್ತೋ ಇಲ್ವೋ ಅಂತ ಕೇಳ್ಬೇಡಿ ಸಾರ್. ಕಣದಲ್ಲಿ ಇಬ್ಬರನ್ನ ಇಟ್ಕೊಳ್ಳೋದಾ ಬೇಡ್ವಾ ಅಂತ ಕೇಳಿ.” ಎಂಟು ಸೆಂಟು ಮಳೆಗೆ ಎರಡು ದಿನ ರಾಶಿ ಹಾಕಬೇಕಿಲ್ಲ. ಟಾರ್ಪಾಲನ್ನು ಕಣದ ಅಂಚಿಗೆ ಸುತ್ತಿಟ್ಟು, ಎಳೆಯಲು ಇಬ್ಬರು ಹತ್ತಿರ ಇದ್ದರೆ ಸಾಕು. ಅದಕ್ಕೆ ತಗಲುವುದು ಇಬ್ಬರ ಅರ್ಧ ದಿನದ ಹಣ್ಣು ಕೊಯ್ಲು. ಅವರಿಲ್ಲದಿದ್ದರೆ ಹೋಗುವುದು ಅದರ ಹತ್ತು, ಹದಿನೈದು ಪಟ್ಟು. ಹಾಗಿರುವಾಗ ಹತ್ತರಲ್ಲಿ ಒಂದು ಪಾಲು ಮಳೆ ಅಂದರೂ ಇಬ್ಬರನ್ನು ನಿಲ್ಲಿಸುವುದೇ ಲಾಭ, ಹತ್ತರಲ್ಲಿ ಮೂರು ಅಂದರೆ ಕೇಳುವುದೇ ಬೇಡ. ಎರಡು ದಿನ ಮುಚ್ಚಿಡುವುದಕ್ಕೆ ಮಾತ್ರ ಹತ್ತರಲ್ಲಿ ಒಂಬತ್ತಾದರೂ ಬೇಕು, ಅದೂ ದೊಡ್ಡ ಮಳೆಯಾಗಿದ್ದರೆ.

ಅಣ್ಣನೂ ಹೀಗೇ ಮಾಡಿದ್ದನಂತೆ, ತನಗೆ ಗೊತ್ತಿಲ್ಲದೆ. ಶುಕ್ರವಾರ ಮುನ್ಸೂಚನೆ ಇಳಿದಾಗಲೂ ಅವನು ಒಂದು ಗಂಟೆ ಮೊದಲೇ ಹೊರಟಿದ್ದ. ಹಿಮ ಬೀಳದಿದ್ದರೆ ನಿಲ್ದಾಣದಲ್ಲಿ ಕಾಫಿ ಕುಡಿದುಕೊಂಡು ಕೂರುತ್ತಿದ್ದ, ಅಷ್ಟೇ.

ಮನೆಯ ಗುಂಪಿಗೆ ಈಗ ಅವನು ಕಳಿಸುವ ಚಿತ್ರದಲ್ಲಿ ಊರಿನ ಹೆಸರಿರುತ್ತದೆ. ‘ಮಂಜು’ ಅನ್ನುವ ಪದವನ್ನು ಹಿಮಕ್ಕೆ ಬಳಸಬಾರದೆಂದು ದೊಡ್ಡಮ್ಮ ಎಲ್ಲರಿಗೂ ತಾಕೀತು ಮಾಡಿದ್ದಾರೆ. ನಾನು “ಬರಲ್ಲ” ಅನ್ನುವುದನ್ನು ಬಿಟ್ಟಿದ್ದೇನೆ, ಸಂಖ್ಯೆ ಹೇಳುತ್ತೇನೆ. ದೊಡ್ಡಪ್ಪ ಶೇಕಡಾವಾರು ಒಪ್ಪುವುದಿಲ್ಲ, ಆ ಐವತ್ತು ಲೆಕ್ಕಗಳನ್ನು ಅವರು ಐವತ್ತು ಜನರನ್ನಾಗಿ ಮಾಡಿಕೊಂಡಿದ್ದಾರೆ.

ಮರುವರ್ಷದ ಕೊಯ್ಲಿನಲ್ಲಿ ಒಂದು ಸಂಜೆ ಫೋನ್ ಬಂತು.

“ಐವತ್ತರಲ್ಲಿ ಎಷ್ಟು ಜನ?”

“ಒಂಬತ್ತು, ದೊಡ್ಡಪ್ಪ.”

“ಬೆಳಿಗ್ಗೆ ಇಬ್ಬನಿ ಇತ್ತಾ ನಿಮ್ಮಲ್ಲಿ?”

“ಸ್ವಲ್ಪ ಇತ್ತು.”

“ನಮ್ಮಲ್ಲಿ ಇರ್ಲಿಲ್ಲ” ಅಂದರು, ಫೋನ್ ಇಡುವ ಮುಂಚೆಯೇ ಆಚೆ ಕಡೆ ರೈಟರನ್ನು ಕೂಗುವುದು ಕೇಳಿಸಿತು.